ಸಂತೆಯ ಲೆಕ್ಕ, ಶಾಲೆಯ ಲೆಕ್ಕ: ಹಿಂದೆ ಬಿದ್ದ ಮಗುವಿಗೆ ಗಣಿತ ಕಲಿಸಿದ ಚರಿತ್ರೆ

ಬೆಂಗಳೂರಿನ ಯಶವಂತಪುರದ ಆಸುಪಾಸಿನಲ್ಲಿ ದಿನವಿಡೀ ಲೆಕ್ಕ ನಡೆಯುವ ಎರಡು ಸ್ಥಳಗಳಿವೆ. ಒಂದು, 1909ರಲ್ಲಿ ಸ್ಥಾಪನೆಯಾಗಿ ಹಳೆಯ ಬೆಂಗಳೂರಿಗರ ಬಾಯಲ್ಲಿ ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದೇ ಉಳಿದಿರುವ ಭಾರತೀಯ ವಿಜ್ಞಾನ ಸಂಸ್ಥೆ. ಇನ್ನೊಂದು, ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ ಪ್ರಾಂಗಣ ಮತ್ತು ಅದರ ಸುತ್ತಲಿನ ಬೀದಿ ವ್ಯಾಪಾರ. ಮೊದಲನೆಯ ಕಡೆ ಲೆಕ್ಕ ನಡೆಯುವುದು ಕಾಗದ, ಕರಿಹಲಗೆ ಮತ್ತು ಗಣಕಯಂತ್ರಗಳ ಮೇಲೆ. ಎರಡನೆಯ ಕಡೆ ಹೆಚ್ಚಿನ ಲೆಕ್ಕವೆಲ್ಲ ಬಾಯಲ್ಲಿ ಮತ್ತು ಬೆರಳಲ್ಲಿ. ಇವೆರಡರ ನಡುವೆ ಶಾಲೆಗಳಿವೆ. ಆ ಶಾಲೆಗಳ ಹಿಂದಿನ ಬೆಂಚುಗಳಲ್ಲಿ, ನಾಡಿನ ಬೇರೆಲ್ಲ ಶಾಲೆಗಳಂತೆಯೇ, ಗಣಿತವನ್ನು ಕಬ್ಬಿಣದ ಕಡಲೆ ಎಂದು ತೀರ್ಮಾನಿಸಿ ಕೈಬಿಟ್ಟಿರುವ ಮಕ್ಕಳಿದ್ದಾರೆ.

ಒಂದು ಸರಳ ಉದಾಹರಣೆಯನ್ನು ನೋಡೋಣ. ಕಿಲೋಗೆ 36 ರೂಪಾಯಿಯ ಈರುಳ್ಳಿ ಎರಡೂಮುಕ್ಕಾಲು ಕಿಲೋಗೆ ಎಷ್ಟು? ಗಾಡಿಯ ವ್ಯಾಪಾರಿ ಎರಡು ಕಿಲೋಗೆ ಎಪ್ಪತ್ತೆರಡು, ಮುಕ್ಕಾಲಿಗೆ ಇಪ್ಪತ್ತೇಳು, ಒಟ್ಟು ತೊಂಬತ್ತೊಂಬತ್ತು ಎಂದುಬಿಡುತ್ತಾನೆ. ಇನ್ನೂ ಚುರುಕಾದವನು ಮೂರು ಕಿಲೋಗೆ ನೂರೆಂಟು, ಅದರಲ್ಲಿ ಕಾಲು ಕಿಲೋದ ಒಂಬತ್ತು ಕಳೆದರೆ ತೊಂಬತ್ತೊಂಬತ್ತು ಎನ್ನುತ್ತಾನೆ. ಇದೇ ಲೆಕ್ಕವನ್ನು ತರಗತಿಯಲ್ಲಿ 2.75 × 36 ಎಂದು ಬರೆದುಕೊಟ್ಟರೆ, ಗುಣಾಕಾರವನ್ನು ಸರಿಯಾಗಿ ಮಾಡಿಯೂ ದಶಮಾಂಶ ಬಿಂದುವನ್ನು ತಪ್ಪು ಜಾಗದಲ್ಲಿಟ್ಟು 990 ಎಂದು ಬರೆಯುವ ಮಕ್ಕಳಿರುತ್ತಾರೆ. ಎರಡೂಮುಕ್ಕಾಲು ಕಿಲೋ ಈರುಳ್ಳಿಗೆ 990 ರೂಪಾಯಿ ಕೇಳುವ ವ್ಯಾಪಾರಿ ಯಾವ ಸಂತೆಯಲ್ಲೂ ಇಲ್ಲ. ಆದರೆ ಉತ್ತರಪತ್ರಿಕೆಯಲ್ಲಿ ಆ ಉತ್ತರವನ್ನು ಬರೆದ ಮಗುವಿಗೆ ಅದು ಅಸಂಬದ್ಧ ಎನಿಸುವುದಿಲ್ಲ. ಏಕೆಂದರೆ ಅಲ್ಲಿ ಈರುಳ್ಳಿಯೂ ಇಲ್ಲ, ರೂಪಾಯಿಯೂ ಇಲ್ಲ. ಇರುವುದು ಅಂಕಿಗಳು ಮಾತ್ರ.

ಗಣಿತದಲ್ಲಿ ಹಿಂದೆ ಬಿದ್ದ, ಆಸಕ್ತಿ ಕಳೆದುಕೊಂಡ ಮಗುವಿಗೆ ಕಲಿಸುವುದು ಹೇಗೆ ಎಂಬ ಪ್ರಶ್ನೆ ಇಂದಿನದಲ್ಲ. ಕನ್ನಡ ನಾಡಿನ ಶಿಕ್ಷಣದ ಚರಿತ್ರೆಯಲ್ಲಿ ಅದಕ್ಕೆ ಹಲವು ಉತ್ತರಗಳನ್ನು ಹುಡುಕಿದ್ದಾರೆ. ಕೆಲವು ಉತ್ತರಗಳು ಇಂದಿಗೂ ಉಪಯುಕ್ತವಾಗಿವೆ, ಕೆಲವನ್ನು ಬಿಟ್ಟದ್ದೇ ಒಳ್ಳೆಯದಾಯಿತು. ಅವುಗಳನ್ನು ಒಮ್ಮೆ ಹಿಂತಿರುಗಿ ನೋಡುವುದು ಈ ಲೇಖನದ ಉದ್ದೇಶ.

ಏಕೆ ಕಲಿಯಬೇಕು ಎಂಬುದರಿಂದ ಆರಂಭ

ಕ್ರಿ.ಶ. 9ನೇ ಶತಮಾನದಲ್ಲಿ ಮಾನ್ಯಖೇಟವನ್ನು, ಎಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡವನ್ನು, ರಾಜಧಾನಿಯಾಗಿಸಿಕೊಂಡು ಆಳಿದ ರಾಷ್ಟ್ರಕೂಟ ಅರಸ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ರಚಿಸಿದನು. ಇದು ಖಗೋಳ ಗ್ರಂಥವೊಂದರ ಅಧ್ಯಾಯವಲ್ಲ, ಸ್ವತಂತ್ರವಾದ ಗಣಿತ ಪುಸ್ತಕ. 1912ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಲ್ಲಿ ಇದನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದ ಮೇಲೆ ಹೊರಜಗತ್ತಿನ ವಿದ್ವಾಂಸರಿಗೂ ಇದರ ಪರಿಚಯವಾಯಿತು.

ಶಿಕ್ಷಕರ ದೃಷ್ಟಿಯಿಂದ ಈ ಗ್ರಂಥದಲ್ಲಿ ಗಮನಿಸಬೇಕಾದ ಮೂರು ಅಂಶಗಳಿವೆ. ಮೊದಲನೆಯದು, ಸೂತ್ರಗಳಿಗೆ ಮುನ್ನವೇ ಗ್ರಂಥಕಾರನು ಗಣಿತವು ಎಲ್ಲೆಲ್ಲಿ ಬೇಕಾಗುತ್ತದೆ ಎಂಬುದನ್ನು ವಿಸ್ತಾರವಾಗಿ ಹೇಳುತ್ತಾನೆ. ಲೌಕಿಕ ವ್ಯವಹಾರ, ಸಂಗೀತ, ನಾಟಕ, ಅಡುಗೆ, ವೈದ್ಯ, ವಾಸ್ತುಶಿಲ್ಪ, ಛಂದಸ್ಸು, ಗ್ರಹಗಳ ಚಲನೆ ಇವೆಲ್ಲ ಆ ಪಟ್ಟಿಯಲ್ಲಿವೆ. ಇದನ್ನೆಲ್ಲ ಕಲಿತು ಏನು ಪ್ರಯೋಜನ ಎಂದು ಇಂದಿನ ವಿದ್ಯಾರ್ಥಿ ಕೇಳುವ ಪ್ರಶ್ನೆಯನ್ನು ಉದ್ಧಟತನವೆಂದು ಭಾವಿಸದೆ, ಪುಸ್ತಕದ ಮೊದಲಲ್ಲೇ ಉತ್ತರಿಸಬೇಕಾದ ಪ್ರಶ್ನೆ ಎಂದು ಅವನು ತಿಳಿದಂತಿದೆ.

ಎರಡನೆಯದು ಆಟ. ಗುಣಾಕಾರದ ಅಭ್ಯಾಸಕ್ಕೆ ಅವನು ಆರಿಸಿಕೊಂಡ ಸಂಖ್ಯೆಗಳನ್ನು ನೋಡಿ. 139 × 109 = 15151. 152207 × 73 = 11111111. 142857143 × 7 = 1000000001. ಉತ್ತರವನ್ನು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇಂಥ ಉತ್ತರಗಳನ್ನು ಅವನು ಕೊರಳಿನ ಹಾರಕ್ಕೆ ಹೋಲಿಸುತ್ತಾನೆ. ಇಲ್ಲಿ ಶಿಕ್ಷಣಶಾಸ್ತ್ರದ ಒಂದು ಜಾಣ್ಮೆ ಅಡಗಿದೆ. ಲೆಕ್ಕ ತಪ್ಪಾದರೆ ಹಾರ ಕೂಡಿಬರುವುದಿಲ್ಲ. ತಪ್ಪು ಮಾಡಿದ ವಿದ್ಯಾರ್ಥಿಗೆ ಅದು ತಾನಾಗಿಯೇ ಗೊತ್ತಾಗುತ್ತದೆ, ಗುರುವಿನ ಬೈಗುಳ ಬೇಕಾಗುವುದಿಲ್ಲ. ಸರಿಯಾದಾಗ ಸಿಗುವ ಸಂತೋಷವೂ ಅವನದೇ ಆಗಿರುತ್ತದೆ. ಇದೇ ಗ್ರಂಥದಲ್ಲಿ ಬೇರೆಬೇರೆ ಛೇದಗಳಿರುವ ಭಿನ್ನರಾಶಿಗಳನ್ನು ಕೂಡಿಸಲು ಲಘುತಮ ಸಾಮಾನ್ಯ ಅಪವರ್ತ್ಯವನ್ನು ಬಳಸುವ ಕ್ರಮ ‘ನಿರುದ್ಧ’ ಎಂಬ ಹೆಸರಿನಲ್ಲಿ ಬಂದಿದೆ.

ಮೂರನೆಯದು ಒಂದು ತಪ್ಪು. ಯಾವುದೇ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆ ಎಂದು ಮಹಾವೀರನು ಬರೆದಿದ್ದಾನೆ. ಇಂದು ನಾವು ಸೊನ್ನೆಯಿಂದ ಭಾಗಾಕಾರಕ್ಕೆ ಅರ್ಥವಿಲ್ಲ ಎನ್ನುತ್ತೇವೆ. ಋಣ ಸಂಖ್ಯೆಗೆ ವರ್ಗಮೂಲವಿಲ್ಲವೆಂದು ಸ್ಪಷ್ಟವಾಗಿ ಗುರುತಿಸಿದ ಅದೇ ಪ್ರತಿಭಾವಂತನು ಇಲ್ಲಿ ಎಡವಿದನು. ಸೊನ್ನೆಯ ಭಾಗಾಕಾರದಲ್ಲಿ ತಪ್ಪುವ ಹುಡುಗಿಗೆ ಈ ಸಂಗತಿಯನ್ನು ಹೇಳಿದರೆ ಅವಳ ತಪ್ಪಿಗೂ ಒಂದು ಗೌರವ ಬರುತ್ತದೆ.

12ನೇ ಶತಮಾನದಲ್ಲಿ ಪೂವಿನಬಾಗೆಯ ರಾಜಾದಿತ್ಯನು ಗಣಿತವನ್ನು ಕನ್ನಡಕ್ಕೆ ತಂದನು. ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’, ‘ವ್ಯವಹಾರರತ್ನ’, ‘ಲೀಲಾವತಿ’, ‘ಚಿತ್ರಹಸುಗೆ’ ಮೊದಲಾದವು ಅವನ ಕೃತಿಗಳು. ಹೆಸರುಗಳೇ ಹೇಳುವಂತೆ ಇಲ್ಲಿ ವ್ಯವಹಾರ ಮತ್ತು ಹೊಲಗದ್ದೆಗಳ ಅಳತೆ ಮುಂದೆ ಬಂದಿವೆ. ಸಂಸ್ಕೃತ ಬಾರದವನಿಗೂ ಲೆಕ್ಕ ಬೇಕು, ಅವನಿಗೆ ಅವನ ಮಾತಿನಲ್ಲಿಯೇ ಹೇಳಬೇಕು ಎಂಬುದು ಅಂದೇ ಕೈಗೊಂಡ ತೀರ್ಮಾನ. ಮಗುವಿಗೆ ಲೆಕ್ಕ ಬರುವುದಿಲ್ಲವೋ, ಲೆಕ್ಕವನ್ನು ಕೇಳಿದ ಭಾಷೆ ಬರುವುದಿಲ್ಲವೋ ಎಂಬ ಅನುಮಾನ ಇಂದಿನ ಶಿಕ್ಷಕರಿಗೂ ಇರಬೇಕಾದದ್ದು. ಮನೆಯಲ್ಲಿ ಕನ್ನಡ, ತೆಲುಗು, ತಮಿಳು ಅಥವಾ ಉರ್ದು ಆಡುತ್ತ, ಶಾಲೆಯಲ್ಲಿ ಇಂಗ್ಲಿಷ್‌ನಲ್ಲಿ ಲೆಕ್ಕ ಓದುವ ಮಕ್ಕಳು ಬೆಂಗಳೂರಿನಂಥ ನಗರದಲ್ಲಿ ಕಡಿಮೆಯೇನಿಲ್ಲ.

ಬಳ್ಳಾರಿಯ ಜಗಲಿ ಶಾಲೆಗಳು

ಗ್ರಂಥಗಳಲ್ಲಿ ಇದ್ದದ್ದು ಹಳ್ಳಿಯ ಮಗುವಿಗೆ ಹೇಗೆ ತಲುಪುತ್ತಿತ್ತು? ಇದಕ್ಕೆ ಕನ್ನಡ ನಾಡಿನ ಮಟ್ಟಿಗೆ ಒಂದು ಅಪರೂಪದ ದಾಖಲೆಯಿದೆ. 1822ರಲ್ಲಿ ಮದರಾಸು ಪ್ರಾಂತ್ಯದ ಗವರ್ನರ್ ಥಾಮಸ್ ಮನ್ರೋ ದೇಶೀಯ ಶಾಲೆಗಳ ವಿವರವನ್ನು ಕಲೆಹಾಕುವಂತೆ ಆದೇಶಿಸಿದನು. ಅದಕ್ಕೆ ಉತ್ತರವಾಗಿ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಸುದೀರ್ಘ ವರದಿಯನ್ನು ಕಳಿಸಿದನು. ಅಂದಿನ ಬಳ್ಳಾರಿ ಜಿಲ್ಲೆ ಇಂದಿನದಕ್ಕಿಂತ ಬಹಳ ದೊಡ್ಡದು. ಆ ವರದಿಯ ಪ್ರಕಾರ ಜಿಲ್ಲೆಯಲ್ಲಿ 533 ಶಾಲೆಗಳಿದ್ದವು. ಅವುಗಳಲ್ಲಿ 235 ಕನ್ನಡ ಶಾಲೆಗಳು, 226 ತೆಲುಗು ಶಾಲೆಗಳು. ಉಳಿದವು ಮರಾಠಿ, ಸಂಸ್ಕೃತ, ಪಾರ್ಸಿ ಮತ್ತು ತಮಿಳಿನವು, ಜೊತೆಗೆ ಒಂದೇ ಒಂದು ಇಂಗ್ಲಿಷ್ ಶಾಲೆ. ಓದುತ್ತಿದ್ದವರು ಒಟ್ಟು 6,641 ಮಂದಿ. ಸರಾಸರಿ ಒಂದು ಶಾಲೆಗೆ ಹನ್ನೆರಡು, ಹದಿಮೂರು ಮಕ್ಕಳು.

ಕೂಲಿಮಠ ಎಂದು ನಮ್ಮ ಹಿರಿಯರು ಕರೆಯುತ್ತಿದ್ದ ಇಂಥ ಶಾಲೆಗಳಲ್ಲಿ ಗಣಿತ ಕಲಿಸುತ್ತಿದ್ದ ಕ್ರಮವನ್ನು ಕ್ಯಾಂಪ್‌ಬೆಲ್ ಕಣ್ಣಿಗೆ ಕಟ್ಟುವಂತೆ ವಿವರಿಸಿದ್ದಾನೆ. ಮಗು ಮೊದಲು ಮರಳಿನ ಮೇಲೆ ಬೆರಳಿನಿಂದ ತಿದ್ದುತ್ತದೆ. ಮುಂದೆ ಮಸಿ ಬಳಿದ ಹಲಗೆ, ಇಲ್ಲವೇ ಬಟ್ಟೆಗೆ ಗಂಜಿ, ಇದ್ದಿಲು, ಅಂಟುಗಳನ್ನು ಲೇಪಿಸಿ ಪುಸ್ತಕದಂತೆ ಮಡಿಸಿದ ಕಡತ. ಬರೆದದ್ದನ್ನು ಅಳಿಸಿ ಮತ್ತೆ ಬರೆಯಬಹುದಾದ ಸಾಧನಗಳಿವು. ಮುಂದಿರುವ ಹುಡುಗರು ಹಿಂದಿರುವವರಿಗೆ ಕಲಿಸುತ್ತಾರೆ. ದಿನಕ್ಕೆ ಎರಡು ಬಾರಿ ಎಲ್ಲರೂ ಸಾಲಾಗಿ ನಿಂತು, ಒಬ್ಬ ಹಿರಿಯ ವಿದ್ಯಾರ್ಥಿ ಹೇಳಿಕೊಟ್ಟಂತೆ ಸಂಕಲನದ ಮತ್ತು ಗುಣಾಕಾರದ ಮಗ್ಗಿಗಳನ್ನೂ ಭಿನ್ನರಾಶಿಗಳನ್ನೂ ತೂಕ, ಅಳತೆಗಳ ಕೋಷ್ಟಕಗಳನ್ನೂ ಒಟ್ಟಾಗಿ ಹೇಳುತ್ತಾರೆ. ಕಲಿತವನು ಕಲಿಯದವನಿಗೆ ಹೇಳಿಕೊಡುವಾಗ ಅವನ ಕಲಿಕೆಯೂ ಗಟ್ಟಿಯಾಗುತ್ತದೆ ಎಂಬುದನ್ನು ಕ್ಯಾಂಪ್‌ಬೆಲ್ ಮೆಚ್ಚಿಕೊಂಡಿದ್ದಾನೆ. ಇದಕ್ಕೂ ಮೊದಲೇ ಮದರಾಸಿನ ಅನಾಥಾಲಯದಲ್ಲಿ 1789ರಿಂದ ಕೆಲಸ ಮಾಡಿದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಮರಳಿನ ಬರವಣಿಗೆಯನ್ನೂ ಮಕ್ಕಳಿಂದ ಮಕ್ಕಳಿಗೆ ಪಾಠ ಹೇಳಿಸುವುದನ್ನೂ ಅಳವಡಿಸಿಕೊಂಡು, 1797ರಲ್ಲಿ ಇಂಗ್ಲೆಂಡಿನಲ್ಲಿ ಆ ಬಗ್ಗೆ ಪುಸ್ತಕ ಪ್ರಕಟಿಸಿದ್ದನು. ‘ಮದರಾಸು ಪದ್ಧತಿ’ ಎಂಬ ಹೆಸರಿನಲ್ಲಿ ಅದು ಅಲ್ಲಿನ ಬಡಮಕ್ಕಳ ಶಾಲೆಗಳಲ್ಲಿ ಹರಡಿತು.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಅರ್ಧ ಸತ್ಯವಾಗುತ್ತದೆ. ಅದೇ ವರದಿಯಲ್ಲಿ ಶಿಕ್ಷೆಗಳ ವಿವರವೂ ಇದೆ. ಬೆಳಿಗ್ಗೆ ಮೊದಲು ಬಂದವನ ಅಂಗೈ ಮೇಲೆ ಗೌರವದ ಗುರುತಾಗಿ ಸರಸ್ವತಿಯ ಹೆಸರು, ಎರಡನೆಯವನ ಅಂಗೈ ಮೇಲೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ ಎಂಬುದಕ್ಕೆ ಒಂದು ಸೊನ್ನೆ, ಮೂರನೆಯವನಿಗೆ ಮೆಲ್ಲನೆಯ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಒಂದೊಂದೇ ಹೆಚ್ಚುತ್ತ ಹೋಗುತ್ತದೆ. ಸೋಮಾರಿ ಎನಿಸಿಕೊಂಡವನಿಗೆ ಬಸ್ಕಿ, ಅದಕ್ಕೂ ಮೀರಿದರೆ ರಾಟೆಯಿಂದ ಎರಡೂ ಕೈಗಳನ್ನು ಮೇಲೆಳೆದು ಮಾಡಿಗೆ ನೇತುಹಾಕುವುದು. ಕಲಿಯಲು ಮನಸ್ಸಿಲ್ಲದ ಮಗುವಿಗೆ ಅಂದಿನ ಶಾಲೆಯ ಬಳಿ ಇದ್ದ ಕೊನೆಯ ಉತ್ತರ ನೋವು. ಅಲ್ಲದೆ, ಒಂಬತ್ತು ಲಕ್ಷಕ್ಕೂ ಹೆಚ್ಚು ಜನಸಂಖ್ಯೆಯ ಜಿಲ್ಲೆಯಲ್ಲಿ ಶಾಲೆಯ ಮುಖ ಕಂಡವರು ಸಾವಿರಕ್ಕೆ ಏಳು ಮಂದಿ, ಹೆಣ್ಣುಮಕ್ಕಳಂತೂ ಬೆರಳೆಣಿಕೆಯಷ್ಟು. ಮಕ್ಕಳು ಅರ್ಥ ತಿಳಿಯದೆ ಪದ್ಯಗಳನ್ನು ಕಂಠಪಾಠ ಮಾಡುತ್ತಿದ್ದರು ಎಂಬ ದೂರೂ ವರದಿಯಲ್ಲಿದೆ. ಜನರ ಬಡತನ ಹೆಚ್ಚುತ್ತಿದ್ದು, ಶಾಲೆಗಳು ಕ್ಷೀಣಿಸುತ್ತಿವೆ ಎಂದೂ ಕ್ಯಾಂಪ್‌ಬೆಲ್ ಬರೆದಿದ್ದಾನೆ.

ಕಾಲು, ವೀಸ, ಕಾಣಿ

ಆ ಶಾಲೆಗಳಲ್ಲಿ ಭಿನ್ನರಾಶಿಗೆ ಕೊಡುತ್ತಿದ್ದ ಮಹತ್ವವನ್ನು ಪ್ರತ್ಯೇಕವಾಗಿ ಗಮನಿಸಬೇಕು. ಇಂದು ಪ್ರಾಥಮಿಕ ಶಾಲೆಯ ಗಣಿತದಲ್ಲಿ ಮಗು ಮೊದಲು ಎಡವುವ ಜಾಗ ಭಿನ್ನರಾಶಿ. 1/2 + 1/3 = 2/5 ಎಂಬ ಉತ್ತರವನ್ನು ನೋಡದ ಶಿಕ್ಷಕರಿಲ್ಲ. ಹಳೆಯ ಶಾಲೆಯ ಭಿನ್ನರಾಶಿಗಳು ಹತ್ತರಿಂದ ಇಳಿಯದೆ ನಾಲ್ಕರಿಂದ ಇಳಿಯುತ್ತಿದ್ದವು. ಒಂದರ ನಾಲ್ಕನೇ ಒಂದು ಕಾಲು. ಕಾಲಿನ ನಾಲ್ಕನೇ ಒಂದು ವೀಸ, ಎಂದರೆ 1/16. ವೀಸದ ನಾಲ್ಕನೇ ಒಂದು ಕಾಣಿ, ಎಂದರೆ 1/64. ಪ್ರತಿಯೊಂದಕ್ಕೂ ಒಂದು ಹೆಸರಿತ್ತು. ಹೆಸರಿದ್ದುದರಿಂದ ಅದು ‘ಹದಿನಾರನೇ ಒಂದು’ ಎಂಬ ಎರಡು ಅಂಕಿಗಳ ಒಗಟಾಗಿರಲಿಲ್ಲ, ಕೈಗೆ ಸಿಗುವ ಒಂದು ವಸ್ತುವಾಗಿತ್ತು. ಕಾಲಿಗೆ ಒಂದು ವೀಸ ಸೇರಿಸಿದರೆ ಐದು ವೀಸ. ಲಸಾಅ ಹುಡುಕುವ ಅಗತ್ಯವೇ ಬರುತ್ತಿರಲಿಲ್ಲ.

ಈ ಭಿನ್ನರಾಶಿಗಳಿಗೆ ಶಾಲೆಯ ಹೊರಗೂ ಬದುಕಿತ್ತು. ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ. ಹಾಗಾಗಿ ಆಣೆಯೆಂದರೆ ರೂಪಾಯಿಯ ವೀಸ, ಪೈಸೆಯೆಂದರೆ ಕಾಣಿ. ಸೇರಿನ ಕಾಲು ಪಾವು, ಸೇರಿನ ಹದಿನಾರನೇ ಭಾಗ ಚಟಾಕು. ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿ, ಒಂದೂವರೆ ಮಗ್ಗಿಗಳನ್ನು ಬಾಯಿಪಾಠ ಮಾಡಿದ ಹುಡುಗ ಅಂಗಡಿಗೆ ಹೋದಾಗ ಅದೇ ಮಗ್ಗಿ ಅಲ್ಲಿಯೂ ಅವನಿಗಾಗಿ ಕಾದಿರುತ್ತಿತ್ತು. ಬಾಯಿಪಾಠ ಬರಿಯ ಗಿಳಿಪಾಠವಾಗದಂತೆ ನೋಡಿಕೊಳ್ಳುತ್ತಿದ್ದುದು ಶಾಲೆಯಲ್ಲ, ಸಂತೆ.

1957ರ ಏಪ್ರಿಲ್ 1ರಂದು ಭಾರತದಲ್ಲಿ ದಶಮಾಂಶ ನಾಣ್ಯ ಪದ್ಧತಿ ಜಾರಿಗೆ ಬಂತು. ರೂಪಾಯಿಗೆ 100 ನಯಾ ಪೈಸೆ. 1958ರಿಂದ 1962ರ ನಡುವೆ ಮೆಟ್ರಿಕ್ ತೂಕ, ಅಳತೆಗಳು ಹಂತಹಂತವಾಗಿ ಬಂದವು. ಇದು ಅಗತ್ಯವಾದ ಸುಧಾರಣೆ, ಅದರಿಂದ ಲೆಕ್ಕ ಸುಲಭವಾಯಿತು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಹಳೆಯ ಒಂದು ಆಣೆ ಹೊಸ ಲೆಕ್ಕದಲ್ಲಿ 6.25 ಪೈಸೆಯಾಯಿತು. ಅದಕ್ಕೆ ಸಮನಾದ ನಾಣ್ಯವಿಲ್ಲ. ವೀಸ ಮತ್ತು ಕಾಣಿ ಬಳಕೆಯಿಂದ ಜಾರಿದವು. ಕಾಲು ಮಾತ್ರ ಇಪ್ಪತ್ತೈದು ಪೈಸೆಯಾಗಿ, ‘ನಾಲ್ಕಾಣೆ’ ಎಂಬ ಹಳೆಯ ಹೆಸರಿನಲ್ಲಿಯೇ ಉಳಿಯಿತು. 2011ರ ಜೂನ್ 30ರ ನಂತರ ಆ ನಾಣ್ಯವೂ ಚಲಾವಣೆಯಲ್ಲಿ ಉಳಿಯಲಿಲ್ಲ. ಇಂದಿನ ಮಗುವಿನ ಜೇಬಿನಲ್ಲಿ ಭಿನ್ನರಾಶಿಯೇ ಇಲ್ಲ. ಅದರ ಅಜ್ಜ ನಾಣ್ಯದಲ್ಲಿ ಮುಟ್ಟಿ ತಿಳಿದದ್ದನ್ನು ಅದು ಪುಸ್ತಕದಲ್ಲಿ ಗೆರೆಯ ಮೇಲೊಂದು, ಕೆಳಗೊಂದು ಅಂಕಿಯಾಗಿ ಮೊದಲ ಬಾರಿ ಕಾಣುತ್ತದೆ. ಈಗಿನ ಮಕ್ಕಳು ದಡ್ಡರೆಂದು ಹಳಬರು ಹೇಳುವ ಮುನ್ನ ಈ ವ್ಯತ್ಯಾಸವನ್ನು ನೆನೆಯಬೇಕು.

ಎಲ್ಲರೂ ಶಾಲೆಗೆ ಬಂದಾಗ

ಮೈಸೂರು ಸಂಸ್ಥಾನದಲ್ಲಿ 1868ರಲ್ಲಿ ಬಿ. ಎಲ್. ರೈಸ್ ರೂಪಿಸಿದ ಹೋಬಳಿ ಶಾಲೆಗಳ ಯೋಜನೆಯಿಂದ ಸರ್ಕಾರಿ ಶಿಕ್ಷಣ ಹಳ್ಳಿಗಳತ್ತ ಹೊರಟಿತು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1913ರಲ್ಲಿ ಪ್ರಾಥಮಿಕ ಶಿಕ್ಷಣ ಕಾಯಿದೆ ಬಂದು ಕಡ್ಡಾಯ ಶಿಕ್ಷಣಕ್ಕೆ ದಾರಿ ಮಾಡಿತು. ಸುಮಾರು ಒಂದು ಶತಮಾನದ ನಂತರ, 2009ರ ಶಿಕ್ಷಣ ಹಕ್ಕು ಕಾಯಿದೆ 6ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಆ ಹಕ್ಕನ್ನು ನೀಡಿತು. ಅದೇ ಕಾಯಿದೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು.

ಇದರೊಂದಿಗೆ ಶಿಕ್ಷಕನ ಮುಂದಿದ್ದ ಸಮಸ್ಯೆಯ ಸ್ವರೂಪವೇ ಬದಲಾಯಿತು. ಹನ್ನೆರಡು ಮಕ್ಕಳ ಕೂಲಿಮಠದಲ್ಲಿ ಪ್ರತಿಯೊಬ್ಬನೂ ತನ್ನ ಗತಿಯಲ್ಲಿ ಮುಂದೆ ಹೋಗುತ್ತಿದ್ದ. ಕಲಿಯದವನು ಶಾಲೆ ಬಿಡುತ್ತಿದ್ದ. ಹೊಸ ಶಾಲೆಯಲ್ಲಿ ವಯಸ್ಸಿಗೊಂದು ತರಗತಿ, ತರಗತಿಗೊಂದು ಪುಸ್ತಕ, ಪುಸ್ತಕಕ್ಕೊಂದು ವರ್ಷ. ಗಣಿತ ಮೆಟ್ಟಿಲು ಮೆಟ್ಟಿಲಾಗಿ ಏರುವ ವಿಷಯ. ಸ್ಥಾನಬೆಲೆ ತಿಳಿಯದವನಿಗೆ ವ್ಯವಕಲನ ತಿಳಿಯದು, ವ್ಯವಕಲನ ಬಾರದವನಿಗೆ ಭಾಗಾಕಾರ ಬಾರದು. ಎರಡನೇ ತರಗತಿಯಲ್ಲಿ ತಪ್ಪಿದ ಒಂದು ಮೆಟ್ಟಿಲು ಏಳನೇ ತರಗತಿಯಲ್ಲಿ ಬೀಜಗಣಿತದ ಭಯವಾಗಿ ಕಾಣಿಸಿಕೊಳ್ಳುತ್ತದೆ. ನಾವು ಅದಕ್ಕೆ ‘ಆಸಕ್ತಿಯಿಲ್ಲ’ ಎಂದು ಹೆಸರಿಡುತ್ತೇವೆ. ದಿನವೂ ತನಗೆ ಅರ್ಥವಾಗದ ಮಾತನ್ನು ಕೇಳುತ್ತ ಕುಳಿತವರಿಗೆ ಆಸಕ್ತಿ ಉಳಿಯುವುದಾದರೂ ಹೇಗೆ?

ಈ ಪ್ರಶ್ನೆಗೆ ಕರ್ನಾಟಕದಲ್ಲಿಯೇ ರೂಪುಗೊಂಡ ಒಂದು ಉತ್ತರ ‘ನಲಿಕಲಿ’. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲಾ ಶಿಕ್ಷಕರು, ಆಂಧ್ರಪ್ರದೇಶದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದು, ಯುನಿಸೆಫ್ ನೆರವಿನೊಂದಿಗೆ ಇದನ್ನು ಆರಂಭಿಸಿದರು. ಪಠ್ಯವನ್ನು ಚಿಕ್ಕಚಿಕ್ಕ ಮೆಟ್ಟಿಲುಗಳಾಗಿ, ಮೈಲಿಗಲ್ಲುಗಳಾಗಿ ಒಡೆದು ‘ಕಲಿಕಾ ಏಣಿ’ಯಲ್ಲಿ ಜೋಡಿಸಲಾಯಿತು. ಮಗು ಎಷ್ಟು ದಿನ ಶಾಲೆಗೆ ತಪ್ಪಿಸಿಕೊಂಡರೂ ತಾನು ನಿಲ್ಲಿಸಿದ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಮಕ್ಕಳು ಐದು ಗುಂಪುಗಳಲ್ಲಿ ಕುಳಿತುಕೊಳ್ಳುತ್ತಾರೆ. ಕೆಲವು ಗುಂಪಿಗೆ ಶಿಕ್ಷಕರ ಬೆಂಬಲ, ಕೆಲವಕ್ಕೆ ಸಹಪಾಠಿಗಳ ಬೆಂಬಲ, ಒಂದಕ್ಕೆ ಸ್ವಕಲಿಕೆ. 2009-10ರಿಂದ ಇದು ರಾಜ್ಯದಾದ್ಯಂತ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಕೆಳಗಿನ ತರಗತಿಗಳಿಗೆ ಬಂತು. ಮಕ್ಕಳು ಮಕ್ಕಳಿಗೆ ಕಲಿಸುವುದು, ಪ್ರತಿಯೊಬ್ಬರಿಗೂ ಅವರವರ ಗತಿ ಎಂಬ ಬಳ್ಳಾರಿಯ ಎರಡು ಗುಣಗಳು ರಾಟೆಯನ್ನೂ ಏಟನ್ನೂ ಹಿಂದೆ ಬಿಟ್ಟು ಇಲ್ಲಿ ಮರಳಿ ಬಂದಿರುವುದನ್ನು ಓದುಗರು ಗಮನಿಸಬಹುದು.

ನಲಿಕಲಿಯಿಂದ ಮೇಲೇರಿ ನಾಲ್ಕು, ಐದನೇ ತರಗತಿಗೆ ಬಂದವರಿಗಾಗಿ ಬೆಂಗಳೂರಿನ ಅಕ್ಷರ ಫೌಂಡೇಶನ್ ರಾಜ್ಯ ಸರ್ಕಾರದೊಂದಿಗೆ ‘ಗಣಿತ ಕಲಿಕಾ ಆಂದೋಲನ’ವನ್ನು ರೂಪಿಸಿತು. ಮೊದಲು ಹೊಸಕೋಟೆ ತಾಲ್ಲೂಕಿನಲ್ಲಿ ಪ್ರಯೋಗಿಸಿ, ನಂತರ ಈಶಾನ್ಯ ಕರ್ನಾಟಕದ ಜಿಲ್ಲೆಗಳಿಗೂ ಮುಂದೆ ರಾಜ್ಯದ ಉಳಿದ ಭಾಗಗಳಿಗೂ ಇದನ್ನು ವಿಸ್ತರಿಸಲಾಯಿತು. ಮಣಿಚೌಕಟ್ಟು, ಬಿಡಿ ಮತ್ತು ಹತ್ತರ ದಿಂಡುಗಳು, ಭಿನ್ನರಾಶಿಯ ಪಟ್ಟಿಗಳಂಥ ಸಾಮಗ್ರಿಗಳ ಪೆಟ್ಟಿಗೆಯೇ ಇದರ ಆಧಾರ. ಮೊದಲು ಕೈಯಲ್ಲಿ ವಸ್ತು, ನಂತರ ಚಿತ್ರ, ಕೊನೆಗೆ ಅಂಕಿ ಎಂಬುದು ಇದರ ಕ್ರಮ. ಇದರ ಹಿಂದಿರುವ ತತ್ವವನ್ನು ಅಮೆರಿಕದ ಮನೋವಿಜ್ಞಾನಿ ಜೆರೋಮ್ ಬ್ರೂನರ್ 1966ರಲ್ಲಿ ವಿವರಿಸಿದ್ದರು. ಗ್ರಾಮ ಪಂಚಾಯತಿ ಮಟ್ಟದಲ್ಲಿ ಮಕ್ಕಳಿಗೆ ಗಣಿತ ಸ್ಪರ್ಧೆಗಳನ್ನು ನಡೆಸಿ, ಊರಿನವರೇ ತಮ್ಮ ಮಕ್ಕಳ ಲೆಕ್ಕವನ್ನು ಕಣ್ಣಾರೆ ನೋಡುವಂತೆ ಮಾಡಿದ್ದೂ ಇದರ ಒಂದು ಭಾಗ. ಕೋವಿಡ್ ಕಾಲದಲ್ಲಿ ಶಾಲೆಗಳು ಮುಚ್ಚಿ ಕಲಿಕೆ ಕಡಿದುಹೋದ ಮೇಲೆ 2022-23ರಲ್ಲಿ ರಾಜ್ಯ ಸರ್ಕಾರ ‘ಕಲಿಕಾ ಚೇತರಿಕೆ’ ಎಂಬ ಹೆಸರಿನಲ್ಲಿ ಇಡೀ ವರ್ಷವನ್ನು ತಪ್ಪಿದ ಮೆಟ್ಟಿಲುಗಳನ್ನು ಮತ್ತೆ ಕಟ್ಟಲು ಮೀಸಲಿಟ್ಟಿತು.

ಸಂತೆಯಿಂದ ಶಾಲೆಗೆ ಸೇತುವೆ ಇದೆಯೆ?

ಲೇಖನದ ಆರಂಭದ ಪ್ರಶ್ನೆಗೆ ಮರಳೋಣ. ಬೀದಿಯಲ್ಲಿ ಬರುವ ಲೆಕ್ಕ ಶಾಲೆಯಲ್ಲಿ ಏಕೆ ಬರುವುದಿಲ್ಲ? 1985ರಲ್ಲಿ ಬ್ರೆಜಿಲ್ ದೇಶದ ರೆಸಿಫೆ ನಗರದಲ್ಲಿ ತೆರೆಜಿನ್ಯಾ ನೂನೆಸ್, ಡೇವಿಡ್ ಕ್ಯಾರಹರ್ ಮತ್ತು ಅನಲೂಸಿಯಾ ಶ್ಲೀಮನ್ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಪ್ರಸಿದ್ಧವಾಗಿದೆ. ಬೀದಿಯಲ್ಲಿ ಮಾರುವ ಐದು ಮಕ್ಕಳ ಬಳಿ ಗಿರಾಕಿಗಳಂತೆ ಹೋಗಿ ಲೆಕ್ಕ ಕೇಳಿದಾಗ ಶೇ. 98.2ರಷ್ಟು ಉತ್ತರಗಳು ಸರಿಯಾಗಿದ್ದವು. ಅದೇ ಬಗೆಯ ಲೆಕ್ಕಗಳನ್ನು ಕಥೆಯ ರೂಪದಲ್ಲಿ ಕೇಳಿದಾಗ ಶೇ. 73.7, ಬರಿಯ ಅಂಕಿಗಳ ಲೆಕ್ಕವಾಗಿ ಕೊಟ್ಟಾಗ ಶೇ. 36.8. ಒಂದಕ್ಕೆ 35ರಂತೆ ನಾಲ್ಕು ತೆಂಗಿನಕಾಯಿಗೆ 140 ಎಂದು ಬಾಯಲ್ಲಿ ಸರಿಯಾಗಿ ಹೇಳಿದ ಮಗುವೇ 35 × 4 ಎಂಬುದಕ್ಕೆ ಕಾಗದದ ಮೇಲೆ 200 ಎಂದು ಬರೆಯಿತು. ನಾಲ್ಕೈದಲೆ ಇಪ್ಪತ್ತು, ದಶಕ ಎರಡು. ಅದನ್ನು ಗುಣಿಸುವ ಮುನ್ನವೇ ಮೂರಕ್ಕೆ ಕೂಡಿಸಿ ಐದು, ನಾಲ್ಕೈದಲೆ ಮತ್ತೆ ಇಪ್ಪತ್ತು. ದಶಕ ಒಯ್ಯುವ ವಿಧಾನ ಅದಕ್ಕೆ ಗೊತ್ತಿತ್ತು, ಆದರೆ ಆ ವಿಧಾನದ ಅರ್ಥ ಗೊತ್ತಿರಲಿಲ್ಲ.

ನಮ್ಮ ದೇಶದಲ್ಲಿಯೇ ಇದರ ದೊಡ್ಡ ಪರೀಕ್ಷೆ ನಡೆದಿದೆ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ, ಎಲಿಜಬೆತ್ ಸ್ಪೆಲ್ಕೆ ಮತ್ತು ಸಂಗಡಿಗರು ಕೊಲ್ಕತ್ತ ಹಾಗೂ ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ 1,436 ಮಕ್ಕಳನ್ನು ಅಧ್ಯಯನ ಮಾಡಿ 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಆ ಮಕ್ಕಳಲ್ಲಿ ಬಹುತೇಕ ಎಲ್ಲರೂ ವ್ಯಾಪಾರದ ಕಠಿಣ ಲೆಕ್ಕಗಳನ್ನು ಸಮರ್ಥವಾಗಿ ಮಾಡುತ್ತಿದ್ದರು. ಅದು ಬರಿಯ ಬಾಯಿಪಾಠವೂ ಆಗಿರಲಿಲ್ಲ, ಬೇರೆಯವರ ಸಹಾಯವೂ ಆಗಿರಲಿಲ್ಲ. ಆದರೆ ಶಾಲೆಯ ರೂಪದಲ್ಲಿ ಕೊಟ್ಟ, ಅಷ್ಟೇ ಅಥವಾ ಅದಕ್ಕಿಂತ ಸುಲಭವಾದ ಲೆಕ್ಕಗಳು ಅವರಿಗೆ ಬರಲಿಲ್ಲ. ವ್ಯಾಪಾರದ ಅನುಭವವಿಲ್ಲದ 471 ಶಾಲಾಮಕ್ಕಳಲ್ಲಿ ಇದಕ್ಕೆ ತದ್ವಿರುದ್ಧ ಸ್ಥಿತಿಯಿತ್ತು. ಅವರು ಪುಸ್ತಕದ ಲೆಕ್ಕದಲ್ಲಿ ಮುಂದು, ಸಂತೆಯ ಲೆಕ್ಕದಲ್ಲಿ ಹಿಂದು.

ಇದರಿಂದ ಎರಡು ಪಾಠಗಳು ದೊರೆಯುತ್ತವೆ. ಒಂದು, ತರಗತಿಯಲ್ಲಿ ಹಿಂದೆ ಬಿದ್ದ ಮಗುವಿಗೆ ‘ಲೆಕ್ಕದ ತಲೆ’ಯೇ ಇಲ್ಲ ಎನ್ನುವುದು ಸುಳ್ಳು. ಎರಡು, ಸಂತೆಯಿಂದ ಶಾಲೆಗೆ ಸೇತುವೆ ತಾನಾಗಿ ನಿರ್ಮಾಣವಾಗುವುದಿಲ್ಲ. ಕಾಯಿ ಮಾರುವ ಮಗು ಶಾಲೆಗೆ ಬಂದ ಮಾತ್ರಕ್ಕೆ ಗುಣಾಕಾರ ತಿಳಿಯದು. ಪುಸ್ತಕದಲ್ಲಿ ಅಂಗಡಿಯ ಚಿತ್ರ ಬರೆದ ಮಾತ್ರಕ್ಕೆ ಲೆಕ್ಕ ಬದುಕಿಗೆ ಹತ್ತಿರವಾಗದು. ಸೇತುವೆಯನ್ನು ಒಬ್ಬರು ಕಟ್ಟಬೇಕು. ಅದೇ ಶಿಕ್ಷಕರ ಕೆಲಸ.

ತರಗತಿಯಲ್ಲಿ ಮಾಡಬಹುದಾದದ್ದು

ಮೊದಲು, ಎಡವಿದ ಮೆಟ್ಟಿಲನ್ನು ಹುಡುಕಬೇಕು. 402 – 157 ಎಂಬುದಕ್ಕೆ 355 ಎಂದು ಬರೆದ ಮಗು ಅಜಾಗರೂಕತೆಯಿಂದ ತಪ್ಪಿಲ್ಲ. ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆಯಬೇಕು ಎಂಬ ತನ್ನದೇ ನಿಯಮವನ್ನು ನಿಷ್ಠೆಯಿಂದ ಪಾಲಿಸಿದೆ. ಕೆಂಪು ಗೀಟು ಎಳೆಯುವ ಬದಲು ಹೇಗೆ ಮಾಡಿದೆ, ಹೇಳು ಎಂದು ಕೇಳಿದರೆ ಒಂದು ನಿಮಿಷದಲ್ಲಿ ಇದು ತಿಳಿಯುತ್ತದೆ. ಆಗ ಕಲಿಸಬೇಕಾದದ್ದು ಇನ್ನಷ್ಟು ವ್ಯವಕಲನವಲ್ಲ, ಸ್ಥಾನಬೆಲೆ ಎಂಬುದು ಸ್ಪಷ್ಟವಾಗುತ್ತದೆ.

ಎರಡನೆಯದಾಗಿ, ಬರೆಯುವ ಮುನ್ನ ಅಂದಾಜು ಹೇಳಿಸಬೇಕು. ನಾನೂರರಲ್ಲಿ ನೂರೈವತ್ತು ಹೋದರೆ ಸುಮಾರು ಇನ್ನೂರೈವತ್ತು ಎಂದು ಬಾಯಲ್ಲಿ ಹೇಳಿದ ಮಗು 355 ಎಂಬ ಉತ್ತರವನ್ನು ತಾನೇ ಅನುಮಾನಿಸುತ್ತದೆ. ಸರಿಯಾದ 245ನ್ನು ಹುಡುಕಲು ಹೊರಡುತ್ತದೆ. ಮಹಾವೀರನ ಹಾರ ಮಾಡುತ್ತಿದ್ದ ಕೆಲಸವನ್ನೇ ಇಲ್ಲಿ ಅಂದಾಜು ಮಾಡುತ್ತದೆ.

ಮೂರನೆಯದಾಗಿ, ಬಾಯಿಲೆಕ್ಕವನ್ನು ಬರಹಕ್ಕೆ ಅನುವಾದಿಸುವುದನ್ನು ಬಿಡಿಬಿಡಿಯಾಗಿ ತೋರಿಸಬೇಕು. ‘ಮೂರಕ್ಕೆ ನೂರೆಂಟು, ಕಾಲಿನ ಒಂಬತ್ತು ಕಳೆದರೆ ತೊಂಬತ್ತೊಂಬತ್ತು’ ಎಂಬ ವ್ಯಾಪಾರಿಯ ಮಾತನ್ನು ಕರಿಹಲಗೆಯ ಮೇಲೆ 36 × (3 – 1/4) = 108 – 9 = 99 ಎಂದು ಬರೆದರೆ, ಹೈಸ್ಕೂಲಿನ ವಿಭಾಜಕ ನಿಯಮ ಯಶವಂತಪುರದ ತಳ್ಳುಗಾಡಿಯಲ್ಲಿಯೇ ಇದೆ ಎಂಬುದು ಮಕ್ಕಳಿಗೆ ಕಾಣುತ್ತದೆ. ಹಾಗೆಯೇ ಹಿಮ್ಮುಖವಾಗಿ, ಬರೆದ ಲೆಕ್ಕಕ್ಕೊಂದು ಸಂತೆಯ ಕಥೆ ಕಟ್ಟಿಸಬೇಕು.

ನಾಲ್ಕನೆಯದಾಗಿ, ಮಗ್ಗಿಯನ್ನು ಬಿಡಬಾರದು. ಸಾಲಾಗಿ ನಿಂತು ಒಟ್ಟಾಗಿ ಹೇಳುವಾಗ ಬಾರದ ಮಗು ಒಂಟಿಯಾಗಿ ಬೆಂಚಿನ ಮೇಲೆ ನಿಂತು ಅವಮಾನಪಡುವುದಿಲ್ಲ. ಗುಂಪಿನ ದನಿಯಲ್ಲಿ ತನ್ನ ದನಿಯನ್ನೂ ಸೇರಿಸಿ ಮೆಲ್ಲಗೆ ಕಲಿಯುತ್ತದೆ. ಅದರ ಜೊತೆಗೆ ಕಾಲು, ಅರೆ, ಮುಕ್ಕಾಲು ಮಗ್ಗಿಗಳನ್ನೂ ಕಾಗದ ಮಡಿಸುವ ಚಟುವಟಿಕೆಯೊಂದಿಗೆ ಮರಳಿ ತರಬಹುದು. ಒಂದು ಹಾಳೆಯನ್ನು ನಾಲ್ಕಾಗಿ ಮಡಿಸಿದರೆ ಕಾಲು, ಕಾಲನ್ನು ಮತ್ತೆ ನಾಲ್ಕಾಗಿಸಿದರೆ ವೀಸ. ಅರ್ಧದಲ್ಲಿ ಎಷ್ಟು ವೀಸ ಎಂಬ ಪ್ರಶ್ನೆಗೆ ಐದನೇ ತರಗತಿಯ ಮಗು ಎಣಿಸಿಯೇ ಉತ್ತರ ಹೇಳುತ್ತದೆ.

ಇಷ್ಟು ಮಾಡಿದರೂ ಅಂಕಿಗಳನ್ನು ಗುರುತಿಸುವುದೇ ಕಷ್ಟವಾಗುವ ಕೆಲವು ಮಕ್ಕಳಿರುತ್ತಾರೆ. ಅಂಕಗಣಿತದ ಈ ನಿರ್ದಿಷ್ಟ ಕಲಿಕಾ ತೊಂದರೆಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಗುರುತಿಸಿದೆ. ಅಂಥವರನ್ನು ತಜ್ಞರಿಗೆ ತೋರಿಸಬೇಕು. ಸೋಮಾರಿ ಎಂಬ ಹಣೆಪಟ್ಟಿ ಯಾರಿಗೂ ಸಲ್ಲದು.

ಎರಡು ಶತಮಾನಗಳ ಹಿಂದೆ ಬಳ್ಳಾರಿಯ ಹುಡುಗನೊಬ್ಬನ ಅಂಗೈ ಮೇಲೆ ಗುರುಗಳು ಬರೆದ ಸೊನ್ನೆಗೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ ಎಂಬ ಅರ್ಥವಿತ್ತು. ಇಂದು ಉತ್ತರಪತ್ರಿಕೆಯ ಮೇಲೆ ನಾವು ಬರೆಯುವ ಸೊನ್ನೆ ಹಾಗಲ್ಲ. ಅದು ಮಗುವಿನ ಬೆಲೆಯನ್ನೇ ಕಟ್ಟಿಬಿಡುತ್ತದೆ. ಸೊನ್ನೆಯನ್ನು ಅಂಕಿಯ ಬಲಕ್ಕಿಟ್ಟರೆ ಬೆಲೆ ಹತ್ತುಪಟ್ಟಾಗುತ್ತದೆ ಎಂದು ಕಲಿಸುವ ನಾವು, ಆ ಸೊನ್ನೆಯ ಪಕ್ಕದಲ್ಲಿ ಮಗುವಿಗೆ ಈಗಾಗಲೇ ಗೊತ್ತಿರುವ ಒಂದು ಅಂಕಿಯನ್ನು ಹುಡುಕಿ ಬರೆಯುವುದರಿಂದ ನಾಳಿನ ಪಾಠವನ್ನು ಆರಂಭಿಸಬಹುದು.